ಫರಾಜನ ಕೆಲಸ ಕಾಯ್ದ ಭುವನೇಶ್ವರಿ

ಭುವನೇಶ್ವರಿಯನ್ನು ಹೊಸದಾಗಿ ಕಂಡವರು "ನೀವೂ ಐಟೀನಾ?" ಎಂದೇ ಮಾತು ಶುರು ಮಾಡುತ್ತಾರೆ. "ಇಲ್ರಿ, ನಾ ಆಂಬ್ಯುಲೆನ್ಸು" ಎಂದು ಆಕೆ ಹೇಳಿದರೆ ಕೇಳಿದವರು ಗಾಬರಿಯಾಗಿ ಆಕೆಯ ಮೈಕೈ ನೋಡುತ್ತಾರೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಇದು ಪ್ರತಿ ವರ್ಷದ ತಮಾಷೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೆಳೆದವಳು, ಮದುವೆಯಾಗಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ನೆವಾರ್ಕಿಗೆ ಬಂದಳು. ಗಂಡ ಮಧುಕರ್ ಬೆಂಗಳೂರಿನವನು, ಕರೆಂಟಿನ ಕಾರು ಮಾಡುವ ಕಂಪನಿಯಲ್ಲಿ ಬ್ಯಾಟರಿ ಪರೀಕ್ಷೆ ಮಾಡುವ ಇಂಜಿನಿಯರು. ಮಗಳು ದೊಡ್ಡವಳಾಗುವವರೆಗೆ ಭುವನೇಶ್ವರಿಯ ದಿನಗಳು ಅಪಾರ್ಟ್‌ಮೆಂಟು, ಡೇಕೇರು, ಗ್ರೋಸರಿ ಎಂದೇ ಕಳೆದವು. ಒಂದು ಮಧ್ಯಾಹ್ನ ಗ್ರೋಸರಿ ಅಂಗಡಿಯ ಸಾಲಿನಲ್ಲಿ ಆಕೆಯ ಮುಂದಿದ್ದ ಮುದುಕರೊಬ್ಬರು ಕುಸಿದು ಬಿದ್ದರು. ಆಂಬ್ಯುಲೆನ್ಸಿನಿಂದ ಇಬ್ಬರು ಓಡಿ ಬಂದು ಮೊಣಕಾಲೂರಿದರು. ಒಬ್ಬಳು ಎದೆ ಒತ್ತಿದಳು, ಒಬ್ಬ ಉಸಿರು ಕೊಟ್ಟ. ಸತ್ತೇ ಹೋದರು ಎಂದು ಎಲ್ಲರೂ ಅಂದುಕೊಂಡಿದ್ದ ಮುದುಕರು ಕೆಮ್ಮಿದರು. ಭುವನೇಶ್ವರಿ ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಗಂಡನಿಗೆ ಹೇಳಿದಳು: "ನನಗ ಆ ಕೆಲಸ ಬೇಕು."

ಮಧುಕರ್ ನಕ್ಕುಬಿಟ್ಟ. ಮುಂದಿನ ವಾರ ಆಕೆ ಕಮ್ಯುನಿಟಿ ಕಾಲೇಜಿನಲ್ಲಿ ಮಗಳ ವಯಸ್ಸಿಗೆ ಹತ್ತಿರದ ಹುಡುಗರ ನಡುವೆ ಬೆಂಚಿನಲ್ಲಿ ಕೂತಿದ್ದಳು.

ಕೆಲಸ ಸಿಕ್ಕಿದ್ದು ಒಂದು ಖಾಸಗಿ ಆಂಬ್ಯುಲೆನ್ಸ್ ಕಂಪನಿಯಲ್ಲಿ. ಕೆಲವು ವರ್ಷಗಳ ನಂತರ ಆಕೆಗೆ ಜೋಡಿಯಾಗಿ ಬಂದವನು ಫರಾಜ್. ಅಪ್ಪ ವಜೀರ್, ತಾಯಿ ಕನೀಜ್ ಇಬ್ಬರೂ ವಿಜಯಪುರದವರು. ಫರಾಜ್ ಹುಟ್ಟಿದ್ದು ಫ್ರೀಮಾಂಟಿನಲ್ಲಿ. ಅಮೆರಿಕದ ಸೈನ್ಯದಲ್ಲಿ ನಾಲ್ಕು ವರ್ಷ ಗಾಯಾಳುಗಳ ಚಿಕಿತ್ಸೆ ಮಾಡುವ ಸೈನಿಕನಾಗಿದ್ದು ಬಿಟ್ಟು ಬಂದಿದ್ದ. ಕನ್ನಡ ಎಲ್ಲಾ ತಿಳಿಯುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಜಿಗಿಯುತ್ತಿದ್ದ. ರೋಗಿಯನ್ನು ಎತ್ತುವಾಗ ಇಬ್ಬರೂ ಒಟ್ಟಿಗೆ "ಒಂದು, ಎರಡು, ಹೂಂ" ಎನ್ನುತ್ತಿದ್ದರು. ಆಸ್ಪತ್ರೆಯ ನರ್ಸುಗಳು ಅದನ್ನು ಯಾವುದೋ ಮಂತ್ರ ಅಂದುಕೊಂಡಿದ್ದರು.

ಒಂದು ಜನವರಿ, ಹೊಸ ವರ್ಷದ ಗಲಾಟೆ ಮುಗಿದ ವಾರ. ಮೌರಿ ಅವೆನ್ಯೂ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಇಬ್ಬರೂ ಬುರ್ರಿಟೊ ತಿನ್ನುತ್ತಿದ್ದರು.

"ಆಂಟಿ, ಒಂದು ವಿಷ್ಯ ಹೇಳ್ತೀನಿ. ಕೂಗ್ಬಾರ್ದು, ಪ್ರಾಮಿಸ್?"

"ಮದುವಿ ಏನೋ?"

"ಅಲ್ಲ. ಉಕ್ರೇನ್‌ಗೆ ಹೋಗ್ತೀನಿ. ಅಲ್ಲಿ ಆರ್ಮಿ ಸೇರ್ತೀನಿ."

ಭುವನೇಶ್ವರಿ ಕೂಗಿದಳು. ಪಕ್ಕದ ಗಾಡಿಯಲ್ಲಿದ್ದವನು ಕಿಟಕಿ ಇಳಿಸಿ ಎಲ್ಲಾ ಸರಿಯಿದೆಯಾ ಎಂದು ಕೇಳಿದ.

ಫರಾಜ್ ನಿಧಾನವಾಗಿ ಹೇಳಿದ. ಸೈನ್ಯದಲ್ಲಿದ್ದಾಗ ಅವನನ್ನು ಜರ್ಮನಿಗೆ ಕಳಿಸಿದ್ದರು. ಅಲ್ಲಿಗೆ ತರಬೇತಿಗೆಂದು ಬಂದ ಉಕ್ರೇನಿನ ಹುಡುಗರಿಗೆ ರಕ್ತ ನಿಲ್ಲಿಸುವುದು, ಗಾಯಾಳುವನ್ನು ಗುಂಡಿನ ನಡುವಿನಿಂದ ಎಳೆದು ತರುವುದು, ಇವನ್ನೆಲ್ಲ ಕಲಿಸಿದವರಲ್ಲಿ ಇವನೂ ಒಬ್ಬ. ಆ ತಂಡದಲ್ಲಿ ಈಗ ಬದುಕಿರುವವರು ಬಹಳ ಕಡಿಮೆ. ಇಬ್ಬರು ಇನ್ನೂ ಮೆಸೇಜು ಹಾಕುತ್ತಿದ್ದರು. ಗಾಯಾಳುಗಳನ್ನು ನೋಡಲು ಜನ ಸಾಲುತ್ತಿಲ್ಲ ಎಂದು ಬರೆಯುತ್ತಿದ್ದರು.

"ನಾನೇ ಕಲ್ಸಿದ್ದು ಆಂಟಿ. ಅವ್ರು ಅಲ್ಲಿ ಮಾಡ್ತಿದಾರೆ, ನಾನು ಇಲ್ಲಿ ಬುರ್ರಿಟೊ ತಿಂತಿದೀನಿ. ಐ ಕಾಂಟ್."

ಅವನ ಕಣ್ಣುಗಳು ಹೊಳೆಯುತ್ತಿದ್ದವು. ಬೈಯಬೇಕೆಂದು ಬಾಯಿ ತೆರೆದ ಭುವನೇಶ್ವರಿಗೆ ಗ್ರೋಸರಿ ಅಂಗಡಿಯಿಂದ ಓಡಿ ಬಂದ ದಿನ ತನ್ನ ಎದೆ ಹೊಡೆದುಕೊಂಡದ್ದು ನೆನಪಾಯಿತು. ಬೈಗುಳ ಬರಲಿಲ್ಲ. "ನಿಮ್ಮ ಅಮ್ಮಗ ಹೇಳಿಯೇನು?" ಎಂದಷ್ಟೇ ಕೇಳಿದಳು. ಅವನು ಕಿಟಕಿಯಾಚೆ ನೋಡಿದ.

ಅದೇ ವಾರ ಆಂಬ್ಯುಲೆನ್ಸ್ ಸ್ಟೇಷನ್ನಿನಲ್ಲಿ ಇನ್ನೊಬ್ಬ ಸಹೋದ್ಯೋಗಿಗೆ ಬೀಳ್ಕೊಡುಗೆ ನಡೆಯಿತು. ಬ್ರ್ಯಾಂಡನ್ ಎಂಬ ಆ ಹುಡುಗ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೈನ್ಯದಲ್ಲಿದ್ದ. ಅವನ ಪಡೆಯನ್ನು ಪರದೇಶಕ್ಕೆ ಕರೆದಿದ್ದರು. ಕೇಕು, ಬಾವುಟ, ಮ್ಯಾನೇಜರನ ಭಾಷಣ. "ಹೋಗಿ ಬಾ, ನಿನ್ನ ಕೆಲಸ ನಿನಗಾಗಿ ಇಲ್ಲೇ ಇರುತ್ತದೆ" ಎಂದ ಮ್ಯಾನೇಜರ್. ಅದು ಅವನ ಔದಾರ್ಯವಲ್ಲ, ದೇಶದ ಕಾನೂನೇ ಹಾಗಿತ್ತು. ಅಮೆರಿಕದ ಸೈನ್ಯಕ್ಕೆ ಹೋದವನ ಕೆಲಸವನ್ನು ಮಾಲೀಕರು ವರ್ಷಗಟ್ಟಲೆ ಕಾಯ್ದಿಡಬೇಕು.

ಫರಾಜ್ ಕೇಕು ತಿಂದು ಮ್ಯಾನೇಜರನ ಕೋಣೆಗೆ ಹೋಗಿ ತನಗೂ ಅಂಥ ರಜೆ ಕೇಳಿದ. ಹೊರಗೆ ಬಂದಾಗ ಮುಖ ಸಪ್ಪಗಾಗಿತ್ತು. ಮ್ಯಾನೇಜರ್ ಹೇಳಿದ್ದು ಇಷ್ಟೇ: ಬೇರೆ ದೇಶದ ಸೈನ್ಯ ಸೇರುವುದು ಅಪರಾಧವಲ್ಲ, ಅಲ್ಲಿಗೇ ಹೋಗಿ ಸೇರಬಹುದು. ಆದರೆ ಹಾಗೆ ಹೋದವನ ಕೆಲಸವನ್ನು ಯಾವ ಕಾನೂನೂ ಕಾಯುವುದಿಲ್ಲ. ಸ್ವಂತ ಕಾರಣಕ್ಕೆ ಒಂದು ತಿಂಗಳ ರಜೆ ಕೊಡಬಹುದು, ಅದು ಮುಗಿದ ಮೇಲೆ ಬಾರದಿದ್ದರೆ ಕೆಲಸ ಹೋದಂತೆ. ಫರಾಜ್ ಆ ತಿಂಗಳ ರಜೆಯನ್ನೇ ಹಾಕಿ, ಜನವರಿ ಮಧ್ಯದಲ್ಲಿ ಉಕ್ರೇನಿನ ಗಡಿಗೆ ತಾಗಿದ ಪೋಲೆಂಡಿನ ವಿಮಾನ ಹತ್ತಿದ.

ತಿಂಗಳಾದ ಮೇಲೆ ವಜಾ ಮಾಡಿದ ಕಾಗದ ಮನೆಗೇ ಬಂತು. ಭುವನೇಶ್ವರಿ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಕನೀಜ್ ಫೋನು ಮಾಡಿದರು. ದನಿಯಲ್ಲಿ ಬೆಂಕಿ. "ಭುವನಾ, ನೀ ಈಗಿಂದೀಗ ಮನಿಗಿ ಬಾ."

ಥಾರ್ನ್‌ಟನ್ ಅವೆನ್ಯೂವಿನ ಆ ಮನೆಯಲ್ಲಿ ವಜೀರ್ ದನಿ ಅಡಗಿಸಿದ ಟೀವಿ ಮುಂದೆ ಕೂತಿದ್ದರು. ತೆರೆಯ ಮೇಲೆ ಉರಿಯುವ ಕಟ್ಟಡಗಳು. ಭುವನೇಶ್ವರಿ ಚಪ್ಪಲಿ ಬಿಡುವ ಮೊದಲೇ ಕನೀಜ್ ಶುರು ಮಾಡಿದರು.

"ದಿನಾ ನಿನ್ನ ಬಾಜೂಕ ಕೂತಿದ್ದ ಹುಡುಗ. ನಿನಗ ಮೊದಲ ಹೇಳ್ಯಾನ. ನನಗ ಏರ್‌ಪೋರ್ಟ್‌ನಿಂದ ಹೇಳಿದ. ನೀ ಯಾಕ ತಡೀಲಿಲ್ಲ?"

"ಆಪಾ, ಅಂವ ನನ್ನ ಮಾತು ಕೇಳ್ತಿದ್ನೇನು?"

"ನಿನ್ನ ಗಂಟಲಕ್ಕ ಫ್ರೀವೇದಾಗ ಟ್ರಕ್ ನಿಲ್ತಾವ. ನನ್ನ ಮಗ ನಿಲ್ತಿರ್ಲಿಲ್ಲೇನು?"

ಭುವನೇಶ್ವರಿ ತಲೆ ತಗ್ಗಿಸಿದಳು. ಕನೀಜ್ ಆ ಕಾಗದವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ಆಮೇಲೆ ದನಿ ಇಳಿಯಿತು.

"ಕೆಲಸ ಇದ್ದ ಹುಡುಗ ಹುಷಾರ್ ಇರ್ತಾನ ಭುವನಾ. ನಾ ಸೋಮವಾರ ಡ್ಯೂಟಿಗಿ ಹೋಗಬೇಕು ಅಂತ ತಲ್ಯಾಗ ಇರ್ತದ. ಈಗ ಏನದ ಅವಗ? ಇವರು ಬಾಗಲಾ ಹಾಕ್ಯಾರ. ಅಲ್ಲೇ ಇರು, ಅಲ್ಲೇ ಸಾಯಿ ಅಂದಂಗ ಆತಲ್ಲ. ನೀ ಅವನ ಕೆಲಸ ಉಳಸು. ಬ್ಯಾರೆ ಏನೂ ಬ್ಯಾಡ."

ಬರುವ ದಾರಿಯಲ್ಲಿ ಭುವನೇಶ್ವರಿಗೆ ಏನು ಮಾಡಬೇಕೆಂದು ಹೊಳೆದುಬಿಟ್ಟಿತು. ದೇಶದ ಕಾನೂನು ಬದಲಿಸುವುದು ತನ್ನಿಂದಾಗದು. ಆದರೆ ಕಂಪನಿಗೂ ನೌಕರರ ಸಂಘಕ್ಕೂ ನಡುವಿನ ಒಪ್ಪಂದ ಹೋದ ವರ್ಷದ ಕೊನೆಗೇ ಮುಗಿದಿತ್ತು, ಹೊಸದಕ್ಕೆ ಮಾತುಕತೆ ನಡೆಯುತ್ತಿತ್ತು. ಕಾನೂನು ಕೊಡದ ರಕ್ಷಣೆಯನ್ನು ಒಪ್ಪಂದ ಕೊಡಬಹುದಲ್ಲ!

"ಸಂಘದ್ ಮೀಟಿಂಗಿಗೆ ನೀನು ಹೋಗಿದ್ದೇ ಇಲ್ವಲ್ಲೇ" ಎಂದ ಮಧುಕರ್.

"ಈಗ ಹೋಗ್ತೀನಿ."

ಹೋದಳು, ಎದ್ದು ನಿಂತಳು, ಹೇಳಿದಳು. ಬೇರೆ ದೇಶದ ಸೈನ್ಯಕ್ಕೆ ಸ್ವಂತ ಇಚ್ಛೆಯಿಂದ ಹೋದವರ ಕೆಲಸವನ್ನೂ ಕಂಪನಿ ಕಾಯಬೇಕು, ಸಂಬಳ ಬೇಡ, ಜಾಗ ಮಾತ್ರ ಸಾಕು. ಸಭೆಯಲ್ಲಿದ್ದ ಅರ್ಧ ಜನ ಚಪ್ಪಾಳೆ ಹೊಡೆದರು. ಆಗ ಮಾತುಕತೆ ಸಮಿತಿಯಲ್ಲಿದ್ದ ಹನಾ ಕೈ ಎತ್ತಿದಳು. ಹೇವರ್ಡ್ ಕಡೆಯ ಗಾಡಿಯಲ್ಲಿ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಆಗಿದ್ದವಳು, ಮಾತು ಕಡಿಮೆ.

"ಇನ್ನೊಂದು ಯುದ್ಧದಲ್ಲಿ ನನ್ನ ಚಿಕ್ಕಮ್ಮನ ಮನೆ ಮೇಲೆ ಬಾಂಬ್ ಹಾಕಿದ ಸೈನ್ಯದಲ್ಲೂ ಇಲ್ಲಿಂದ ಹೋಗಿ ಸೇರಿದವರಿದ್ದಾರೆ" ಎಂದಳು. "ನಾಳೆ ಅಂಥವನೊಬ್ಬ ವಾಪಸ್ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂರಬೇಕು ಅಂತ ನಾನೇ ಕೈ ಎತ್ತಬೇಕಾ?"

ಚಪ್ಪಾಳೆ ನಿಂತುಹೋಯಿತು. ಭುವನೇಶ್ವರಿ ಹನಾಳ ಮುಖವನ್ನೇ ನೋಡುತ್ತ ನಿಂತಳು. ಈ ಕಡೆಯಿಂದ ಆಕೆ ಯೋಚಿಸಿರಲೇ ಇಲ್ಲ. ಕೂತುಬಿಟ್ಟಳು.

ಆದರೆ ಸುಮ್ಮನಾಗಲಿಲ್ಲ. ಪಾಳಿ ಮುಗಿದ ಮೇಲೆ ಹನಾಳನ್ನು ಹುಡುಕಿಕೊಂಡು ಹೋದಳು. ಟ್ಯಾಕೊ ತಿಂಡಿ ಮಾರುವ ಗಾಡಿಯ ಮುಂದೆ, ಆಸ್ಪತ್ರೆಯ ಆಂಬ್ಯುಲೆನ್ಸ್ ಬಾಗಿಲಲ್ಲಿ, ಪೆಟ್ರೋಲ್ ಹಾಕಿಸುವ ಗ್ಯಾಸ್ ಸ್ಟೇಷನ್ನಿನಲ್ಲಿ, ಸಿಕ್ಕಿದಲ್ಲೆಲ್ಲ ಇಬ್ಬರೂ ಜಗಳವಾಡಿದರು. ದಾಳಿಗೆ ಒಳಗಾದ ದೇಶದ ಸೈನ್ಯಕ್ಕೆ ಮಾತ್ರ ಎಂದು ಬರೆಯೋಣ ಎಂದಳು ಭುವನೇಶ್ವರಿ.

"ಯಾರು ಯಾರ ಮೇಲೆ ದಾಳಿ ಮಾಡಿದರು ಅಂತ ಯಾರು ತೀರ್ಮಾನಿಸೋದು? ನಮ್ಮ ಮ್ಯಾನೇಜರಾ?" ಎಂದು ಹನಾ ನಕ್ಕಳು. ಮೊದಲ ಸಲ ನಕ್ಕಿದ್ದಳು.

ಹೀಗೆ ಎಳೆದಾಡುತ್ತ ಒಂದು ದಿನ ಹನಾಳೇ ದಾರಿ ಕಂಡಳು. ಯುದ್ಧವನ್ನು ತೂಗುವುದು ನಮ್ಮ ಕೈಲಾಗದು, ಮನುಷ್ಯನನ್ನು ತೂಗಬಹುದು. ಅಮೆರಿಕದ ಜೊತೆ ಹಗೆ ಇಲ್ಲದ ಯಾವುದೇ ದೇಶದ ಸೈನ್ಯಕ್ಕೆ ಕಾನೂನಿನಂತೆ ಹೋದವರಿಗೆ ರಕ್ಷಣೆ ಇರಲಿ. ಜನಸಾಮಾನ್ಯರಿಗೋ ಸೆರೆಯಾಳುಗಳಿಗೋ ಹಿಂಸೆ ಕೊಟ್ಟಿದ್ದು ನ್ಯಾಯಾಲಯದಲ್ಲಿ ಸಾಬೀತಾದವನಿಗೆ ಅದು ಇಲ್ಲ.

"ಇನ್ನೂ ಒಂದು" ಎಂದಳು ಹನಾ. "ಬಂದೂಕು ಹಿಡಿಯದೆ, ಯುದ್ಧದ ಊರಿನ ಆಸ್ಪತ್ರೆಗೆ ಕೆಲಸ ಮಾಡಲು ಹೋಗುವವರಿಗೂ ಇದೇ ರಕ್ಷಣೆ ಬೇಕು. ನಾನೇ ಹೋಗಬೇಕು ಅಂತಿದ್ದೆ. ಕೆಲಸ ಹೋಗುತ್ತೆ ಅಂತ ಹೋಗಲಿಲ್ಲ."

ಭುವನೇಶ್ವರಿ ಆಕೆಯನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟಳು. ರೋಗಿಗಳನ್ನು ಎತ್ತುವ ತೋಳು ತಾನೇ!

ಮುಂದಿನ ಮೀಟಿಂಗಿನಲ್ಲಿ ಈ ಕಲಮಿನ ಪರ ಮಾತಾಡಿದವಳು ಹನಾ. ಒಪ್ಪದವರು ಆಗಲೂ ಇದ್ದರು. ಒಬ್ಬ ಬಾಗಿಲು ಬಡಿದು ಹೊರಗೆ ನಡೆದ. ಕೈ ಎಣಿಸಿದಾಗ ಪರವಾಗಿ ಸ್ವಲ್ಪವೇ ಹೆಚ್ಚಿಗೆ ಬಂತು. ಭುವನೇಶ್ವರಿಯನ್ನೂ ಸಮಿತಿಗೆ ಸೇರಿಸಿಕೊಂಡರು.

ಮಾತುಕತೆಯ ದಿನ ಬಂತು. ಓಕ್‌ಲ್ಯಾಂಡಿನ ಹೋಟೆಲೊಂದರ ಕೋಣೆ, ಉದ್ದನೆಯ ಮೇಜು. ಆ ಕಡೆ ಕಂಪನಿಯ ವಕೀಲ, ಮ್ಯಾನೇಜರ್. ಈ ಕಡೆ ಯೂನಿಫಾರ್ಮು ಹಾಕಿಕೊಂಡೇ ಬಂದ ಇವರು. ಸಂಬಳದ ಮಾತು ಬೆಳಿಗ್ಗೆಯೇ ಮುಗಿಯಿತು. ಮಧ್ಯಾಹ್ನ ಆಕೆಯ ಕಲಮು ಬಂತು.

ವಕೀಲ ಸಭ್ಯ ಮನುಷ್ಯ. ನಗುತ್ತಲೇ ಹೇಳಿದ: "ಇದು ಅವರವರ ಖುಷಿಯ ವಿಷಯ. ನಾಳೆ ಹಿಮಾಲಯ ಹತ್ತುತ್ತೇನೆ ಅಂದವರಿಗೂ ನಾವು ಜಾಗ ಹಿಡಿದು ಕೂರಬೇಕೇ?"

ಭುವನೇಶ್ವರಿ ಬರೆದು ತಂದ ಭಾಷಣ ಮಡಿಲಲ್ಲೇ ಉಳಿಯಿತು. "ಸಾರ್, ಈ ತಿಂಗಳು ಎಷ್ಟು ಗಾಡಿ ಜನ ಇಲ್ಲದೆ ನಿಂತಿದ್ದವು?" ಎಂದು ಮ್ಯಾನೇಜರನನ್ನು ಕೇಳಿದಳು. ಅವನು ವಕೀಲನ ಕಡೆ ನೋಡಿದ. "ನಾವೆಲ್ಲ ಓವರ್‌ಟೈಮ್ ಮಾಡಿ ಮಾಡಿ ಸೊರಗಿದ್ದೇವೆ. ಪ್ಯಾರಾಮೆಡಿಕ್ ಬೇಕು ಅಂತ ಫ್ರೀವೇ ಪಕ್ಕ ಬೋರ್ಡು ಹಾಕಿದ್ದೀರಿ. ದಿನಕ್ಕೆ ಹತ್ತಾರು ಗಾಯಾಳುಗಳನ್ನು ನೋಡಿ ಪಳಗಿದ ಒಬ್ಬ, ನಾನು ನಿಮ್ಮ ಹತ್ತಿರವೇ ವಾಪಸ್ ಬರುತ್ತೇನೆ ಅನ್ನುತ್ತಿದ್ದಾನೆ. ಸಂಬಳ ಕೇಳುತ್ತಿಲ್ಲ. ಬಾ ಅನ್ನಿ ಅಂತಿದ್ದಾನೆ, ಅಷ್ಟೇ. ಹಿಮಾಲಯ ಹತ್ತಿದವನು ಬಂದು ನಿಮಗೇನು ಮಾಡಿಕೊಡುತ್ತಾನೆ?"

ಕೋಣೆಯಲ್ಲಿ ಎರಡೂ ಕಡೆಯವರು ನಕ್ಕರು. ವಕೀಲನೂ ನಕ್ಕ. ಅವರು ಪಕ್ಕದ ಕೋಣೆಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದರು. ಎರಡು ವರ್ಷದವರೆಗೆ ಜಾಗ ಕಾಯುತ್ತೇವೆ, ಸೀನಿಯಾರಿಟಿಯೂ ಉಳಿಯುತ್ತದೆ, ಆದರೆ ಒಪ್ಪಂದಕ್ಕೆ ಸಹಿಯಾದ ಮೇಲೆ ಹೊರಡುವವರಿಗೆ ಮಾತ್ರ ಎಂದರು.

ಸಮಿತಿಯವರು ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಭುವನೇಶ್ವರಿ ಮಾತ್ರ ಎದ್ದು ಹೊರಗೆ ನಡೆದಳು. ಫರಾಜ್ ಆಗಲೇ ಹೋಗಿಯಾಗಿತ್ತು. ಎಲ್ಲರಿಗೂ ಬಾಗಿಲು ತೆರೆದು ಅವನೊಬ್ಬನನ್ನು ಹೊರಗೆ ನಿಲ್ಲಿಸಿದ್ದರು.

ಕಾರಿಡಾರಿನಲ್ಲಿ ಸಂಘದ ಮುಖಂಡ ಹೇಳಿದ: "ಭುವಿ, ಇಷ್ಟು ಸಿಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಒಬ್ಬನಿಗೋಸ್ಕರ ಇದನ್ನ ಕಳೆದುಕೊಳ್ಳೋದು ಬೇಡ."

ಆಕೆ ಗೋಡೆಗೆ ಒರಗಿದಳು. ಕನೀಜ್ ಆಪಾಗೆ ಏನು ಹೇಳುವುದು? ಹನಾ ಪಕ್ಕದಲ್ಲಿ ನಿಂತು ಬೆಳಗಿನ ಮಾತುಗಳನ್ನು ಮತ್ತೆ ತಿರುವಿ ಹಾಕುತ್ತಿದ್ದಳು. ಸಂಬಳದ ಹೆಚ್ಚಳ ಜನವರಿ ಒಂದರಿಂದ ಲೆಕ್ಕ ಎಂದಳು. ಭುವನೇಶ್ವರಿ ನೆಟ್ಟಗಾದಳು.

"ಏನಂದೆ?"

"ಹಳೇ ಒಪ್ಪಂದ ಡಿಸೆಂಬರಿಗೆ ಮುಗೀತಲ್ಲ, ಅದಕ್ಕೆ ಜನವರಿ ಒಂದರಿಂದ..." ಎನ್ನುತ್ತಿದ್ದ ಹನಾ ಅರ್ಧಕ್ಕೇ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಫರಾಜ್ ಹೊರಟಿದ್ದು ಜನವರಿ ಮಧ್ಯದಲ್ಲಿ!

ಒಳಗೆ ಓಡಿದರು. ಭುವನೇಶ್ವರಿ ನಿಂತುಕೊಂಡೇ ಹೇಳಿದಳು: "ಸಂಬಳ ಜನವರಿ ಒಂದರಿಂದ, ಉಳಿದ ಎಲ್ಲಾ ಕಲಮು ಜನವರಿ ಒಂದರಿಂದ. ಇದೊಂದಕ್ಕೆ ಮಾತ್ರ ಬೇರೆ ತಾರೀಖು ಯಾಕೆ?"

ವಕೀಲ ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಕೈ ಅಡ್ಡ ಹಿಡಿದ. ಅವನೂ ಒಂದು ಕಾಲದಲ್ಲಿ ಆಂಬ್ಯುಲೆನ್ಸ್ ಓಡಿಸಿದವನು. "ಇದು ಫರಾಜ್‌ಗೋಸ್ಕರ ತಾನೇ?" ಎಂದು ಕೇಳಿದ.

"ಹೌದು."

"ಅವನು ಹೇಗಿದ್ದಾನೆ?"

"ನಾಲ್ಕು ದಿನದ ಹಿಂದೆ ಮೆಸೇಜ್ ಬಂದಿತ್ತು. ಬದುಕಿದ್ದಾನೆ."

ಮ್ಯಾನೇಜರ್ ಮೇಜಿನ ಮೇಲೆ ಬೆರಳು ಬಡಿಯುತ್ತ ಕೂತ. ಆಮೇಲೆ ವಕೀಲನ ಕಡೆ ತಿರುಗಿ, "ಎಲ್ಲದಕ್ಕೂ ಒಂದೇ ತಾರೀಖು ಇರಲಿ" ಎಂದ.

ಭುವನೇಶ್ವರಿ ಹಾಕಿದ ಕೇಕೆಗೆ ಹೋಟೆಲಿನ ಕಾವಲುಗಾರ ಬಾಗಿಲು ತೆರೆದು ಇಣುಕಿದ. ಆಕೆ ಕಾರಿಡಾರಿಗೆ ಬಂದು ಕನೀಜರಿಗೆ ಫೋನು ಮಾಡಿದಳು. ಬೆರಳು ಎರಡು ಸಲ ತಪ್ಪು ನಂಬರು ಒತ್ತಿತು.

"ಆಪಾ, ಆತು! ಅವನ ಕೆಲಸ ಉಳೀತು! ವಜಾ ಮಾಡಿದ್ದು ರದ್ದಾತು. ಎರಡು ವರ್ಷದಾಗ ಯಾವಾಗ ಬರ್ತಾನ ಬರಲಿ, ಅವನ ಜಾಗ ಅವಂದೇ."

ಆ ಕಡೆ ಏನೋ ಕರಿಯುವ ಸದ್ದು ಕೇಳುತ್ತಿತ್ತು.

"ಆಪಾ? ಕೇಳಸ್ತೈತೇನು?"

"ನಿಲ್ಲು" ಎಂದರು ಕನೀಜ್. "ಗ್ಯಾಸ್ ಬಂದ್ ಮಾಡ್ತೀನಿ. ಮತ್ತ ಹೇಳು. ಮೊದಲಿಂದ ಹೇಳು."

ಭುವನೇಶ್ವರಿ ಮೊದಲಿಂದ ಹೇಳಿದಳು. ವಜೀರ್ ಕೂಡ ಕೇಳಬೇಕೆಂದು ಮೂರನೇ ಸಲವೂ ಹೇಳಿದಳು.

ಫರಾಜ್‌ಗೆ ಮೆಸೇಜು ಹಾಕಿದವರು ಕನೀಜ್. ಹುಷಾರಾಗಿರು, ಪ್ರಾರ್ಥನೆ ಮಾಡು ಎಂದೆಲ್ಲ ಬರೆಯಲಿಲ್ಲ. "ನಿನ್ನ ಡ್ಯೂಟಿ ಇಲ್ಲಿ ಕಾಯಾಕತ್ತದ" ಎಂದು ಬರೆದರು. ಉತ್ತರ ಬರಲು ವಾರ ಹಿಡಿಯಿತು. ಬಂದಾಗ ಕೆಸರು ಮೆತ್ತಿದ ಮುಖದ ಫೋಟೊ, ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ: ಆಂಟಿ ಕೂಗಿದ್ದು ಇಲ್ಲಿಗೂ ಕೇಳಿಸ್ತು.

ಆ ಬೇಸಿಗೆ, ಆ ಚಳಿಗಾಲ ಸುಲಭವಾಗಿ ಕಳೆಯಲಿಲ್ಲ. ಮೆಸೇಜು ಬಾರದ ವಾರಗಳಲ್ಲಿ ಭುವನೇಶ್ವರಿ ಕನೀಜರ ಮನೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಒಮ್ಮೆ ಅವನಿದ್ದ ಚಿಕಿತ್ಸಾ ನೆಲೆಯ ಮೇಲೆ ಡ್ರೋನು ಬಿತ್ತು. ಅವನ ಎಡಗಿವಿ ಕೇಳದಾಯಿತು. ಹಿಂದೆ ಅವನಿಗೆ ಮೆಸೇಜು ಹಾಕುತ್ತಿದ್ದ ಉಕ್ರೇನಿನ ಇಬ್ಬರಲ್ಲಿ ಒಬ್ಬ ಉಳಿಯಲಿಲ್ಲ. ಒಂದೂಕಾಲು ವರ್ಷಕ್ಕೆ ಕರಾರು ಮುಗಿಸಿ ಫರಾಜ್ ಹೊರಟ.

ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ಕನೀಜ್, ವಜೀರ್, ಭುವನೇಶ್ವರಿ ಮೂವರೂ ಕಟಕಟೆ ಹಿಡಿದು ನಿಂತರು. ವಿಮಾನದವರೆಲ್ಲ ಬಂದು ಹೋದರು. ಅವನು ಬರಲಿಲ್ಲ. ಇಮಿಗ್ರೇಷನ್‌ನವರು ಒಳಗೆ ಪ್ರಶ್ನೆ ಕೇಳಲು ಕೂರಿಸಿಕೊಂಡಿದ್ದಾರೆ ಎಂದು ಮೆಸೇಜು ಬಂತು. ವಜೀರರ ಮುಖ ಬಿಳಿಚಿಕೊಂಡಿತು. ಕನೀಜ್ ಭುವನೇಶ್ವರಿಯ ಮಣಿಕಟ್ಟು ಹಿಡಿದರು, ಬಿಡಲೇ ಇಲ್ಲ.

ಕೊನೆಗೆ ಬಾಗಿಲು ತೆರೆಯಿತು. ತೆಳ್ಳಗೆ, ಗಡ್ಡ ಬಿಟ್ಟು, ಹೆಗಲಿಗೊಂದು ಚೀಲ. ಕನೀಜ್ ಕಟಕಟೆಯ ಕೆಳಗೆ ಬಗ್ಗಿ ದಾಟಿ ಓಡಿದರು. ಆ ವಯಸ್ಸಿನಲ್ಲಿ ಹಾಗೆ ಬಗ್ಗಬಹುದೆಂದು ಅವರಿಗೇ ಗೊತ್ತಿರಲಿಲ್ಲ. ಮೊದಲು ಬೆನ್ನಿಗೆ ಎರಡು ಗುದ್ದಿದರು, ಆಮೇಲೆ ಅಪ್ಪಿಕೊಂಡರು.

"ಒಳಗ ಏನ್ ಕೇಳಿದ್ರೋ?" ಎಂದಳು ಭುವನೇಶ್ವರಿ, ಕಾರಿನಲ್ಲಿ.

"ಎಲ್ಲಿದ್ದೆ, ಯಾರ ಜೊತೆ, ಎಲ್ಲಾ. ಆಮೇಲೆ ಒಬ್ಬ ಆಫೀಸರ್, ಇಲ್ಲಿ ಏನ್ ಮಾಡ್ತೀಯ ಅಂದ. ಆಂಬ್ಯುಲೆನ್ಸ್, ಐ ಆಮ್ ಆನ್ ಲೀವ್ ಅಂದೆ. ಕಂಪನಿ ಹೆಸ್ರು ಹೇಳ್ದೆ. ಅವ್ನು ಫೋನ್ ಮಾಡಿ ಕೇಳ್ದ. ಅವ್ರು ಹೌದು, ನಮ್ಮ ಹುಡ್ಗ ಅಂದ್ರಂತೆ." ಅವನು ಬಲಗಿವಿಯನ್ನು ಆಕೆಯ ಕಡೆ ತಿರುಗಿಸಿದ. "ವೆಲ್‌ಕಮ್ ಹೋಮ್ ಅಂತ ಪಾಸ್‌ಪೋರ್ಟ್ ಕೊಟ್ಟ."

ಸ್ಯಾನ್ ಮಟೆಯೊ ಸೇತುವೆ ಏರುವಷ್ಟರಲ್ಲಿ ಅವನು ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ.

ಕೆಲಸಕ್ಕೆ ಕೂಡಲೇ ಮರಳಲಿಲ್ಲ. ಸೈರನ್ನು ಕೇಳಿದರೆ ಬೆವರುತ್ತಿದ್ದ. ಜಾಗ ಅವನದೇ ಆಗಿದ್ದರಿಂದ ಕಂಪನಿ ಅವನನ್ನು ಮೊದಲು ಗಾಡಿಗಳನ್ನು ಕಳಿಸುವ ಕೋಣೆಯಲ್ಲಿ ಕೂರಿಸಿತು. ಬಲಗಿವಿಗೆ ಹೆಡ್‌ಫೋನು ಹಾಕಿಕೊಂಡು ವಿಳಾಸ ಹೇಳುತ್ತಿದ್ದ. ಅಷ್ಟರಲ್ಲಿ ಅದೇ ಕಲಮಿನ ಅಡಿಯಲ್ಲಿ ಹನಾ ರಜೆ ಹಾಕಿ ಚಿಕ್ಕಮ್ಮನ ಊರಿನ ಆಸ್ಪತ್ರೆಗೆ ಹೊರಟಳು. ಆಕೆಗೂ ಕೇಕು, ಮ್ಯಾನೇಜರನ ಭಾಷಣ. ದೇಶದ ಕಾನೂನು ಮಾತ್ರ ಇದ್ದಲ್ಲೇ ಇದೆ. ಆದರೆ ಬೇರೆ ಊರಿನ ಸಂಘದವರು ಫೋನು ಮಾಡಿ ಆ ಕಲಮಿನ ಬಗ್ಗೆ ಕೇಳುತ್ತಾರೆ. ಹೋದ ತಿಂಗಳು ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದರ ಬಗ್ಗೆ ಮಾತಾಡಲು ಭುವನೇಶ್ವರಿಯನ್ನು ಕರೆಸಿದ್ದರು. ಮೈಕು ಬೇಕಾ ಎಂದು ಕೇಳಿದ ಹುಡುಗಿಗೆ ಭುವನೇಶ್ವರಿ ಬೇಡ ಎಂದಳು.

ಮೊನ್ನೆ ಫರಾಜ್ ಗಾಡಿಗೆ ವಾಪಸ್ ಬಂದ. ಬೆಲ್ಟು ಹಾಕುವಷ್ಟರಲ್ಲಿ ರೇಡಿಯೊ ಕರೆಯಿತು: ಆರ್ಡನ್‌ವುಡ್ ಕಡೆ, ಹೆರಿಗೆ ನೋವು, ಮಗು ಬರುತ್ತಿದೆ.

"ಸೈರನ್ ಹಾಕಲೇನೋ?" ಎಂದು ಭುವನೇಶ್ವರಿ ಅವನ ಬಲಗಿವಿಯ ಕಡೆ ಬಾಗಿ ಕೇಳಿದಳು.

ಫರಾಜ್ ಒಮ್ಮೆ ಉಸಿರು ಎಳೆದುಕೊಂಡು ತಾನೇ ಗುಂಡಿ ಒತ್ತಿದ.